ಅಜ್ಜಿಯ ಇಳಕಲ್ ಸೀರೆ, ಎಂಟನೇ ‘ಬಿ’ ಸೆಕ್ಷನ್

ಆಪ್ತಸಲಹೆಗೆ ನನ್ನ ಹತ್ತಿರ ಬಂದವರೊಬ್ಬರ ಕತೆ ಇದು. ಗುರುತು ಸಿಗದಿರಲಿ ಅಂತ ಅವರ ಊರು, ಶಾಲೆ ಎರಡರ ಹೆಸರನ್ನೂ ಬರೆದಿಲ್ಲ. ಅವರನ್ನು ಟೀಚರ್ ಅಂತಲೇ ಕರೆಯುತ್ತೇನೆ. ವಯಸ್ಸು 24. ಬಿ.ಇಡಿ. ಮುಗಿಸಿ, ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಸೇರಿ ಆರು ವಾರವಾಗಿತ್ತು. ಕೂತವರೇ, "ಮೇಡಂ, ಕೆಲಸ ಬಿಡೋಣ ಅಂತಿದೀನಿ" ಅಂದರು.

ಹಳೇ ಕಾಲದ ಉಡುಗೆ ಅಂದರೆ ಅವರಿಗೆ ಪ್ರಾಣ. ಮೊದಲ ದಿನ ಉಟ್ಟದ್ದು ಅಜ್ಜಿಯ ಇಳಕಲ್ ಸೀರೆ, ಗೋಮಿ ಅನ್ನುವ ವಿನ್ಯಾಸದ ದಡಿ (ಅಂಚು) ಇರುವಂಥದ್ದು. ಜೊತೆಗೆ ಬುಗ್ಗೆ ತೋಳಿನ ರವಿಕೆ, ಕೈಗೆ ಅಜ್ಜನ ಎಚ್‌ಎಂಟಿ ವಾಚು. ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು, "ಏನಮ್ಮಾ, ಇವತ್ತು ನಾಟಕ ಇದೆಯಾ?" ಅಂದರು. ಎಲ್ಲರೂ ನಕ್ಕರು. ಅವತ್ತೇ ಎಂಟನೇ ‘ಬಿ’ ಸೆಕ್ಷನ್ನಿನಲ್ಲಿ ವಿಪರೀತ ಗಲಾಟೆ. ಎರಡೂ ಸೇರಿ ಅವರ ತಲೆಯಲ್ಲಿ ಒಂದೇ ಗಂಟಾಯಿತು: ತನ್ನ ಸೀರೆ ನೋಡಿಯೇ ಮಕ್ಕಳು ಮಾತು ಕೇಳುತ್ತಿಲ್ಲ. ಮಾರನೇ ದಿನದಿಂದ ಬೂದು ಬಣ್ಣದ ಚೂಡಿದಾರ.

"ಆಮೇಲೆ ಕ್ಲಾಸು ಸುಮ್ಮನಾಯಿತಾ?" ಅಂತ ಕೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ. ಇಲ್ಲ ಅಂತ ತಲೆಯಾಡಿಸಿದರು. ಕಣ್ಣು ತುಂಬಿತ್ತು.

ಬಟ್ಟೆಯ ವಿಷಯ ಆಮೇಲೆ, ಮೊದಲು ಕ್ಲಾಸು ನೋಡೋಣ ಅಂದೆ. ಗಲಾಟೆ ಯಾವಾಗ ಶುರುವಾಗುತ್ತದೆ ಅಂತ ಒಂದು ವಾರ ಬರೆದಿಡಲು ಹೇಳಿದೆ. ಜಾಸ್ತಿ ಆಗುತ್ತಿದ್ದದ್ದು ಅವರು ಬೆನ್ನು ತಿರುಗಿಸಿ ಬೋರ್ಡ್ ತುಂಬ ಲೆಕ್ಕ ಬರೆಯುವಾಗ. ಕೆಲಸಕ್ಕೆ ಹೊಸದಾಗಿ ಸೇರಿದವರಲ್ಲಿ ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಎರಡು ಸಾಲು ಬರೆದು ತಿರುಗಿ, ಮೂರನೆಯದನ್ನು ಒಂದು ಮಗುವಿನ ಹೆಸರು ಹಿಡಿದು ಕರೆದು ಬರೆಸಿ ಅಂದೆ.

ಇನ್ನು ಉಡುಗೆ. ನಿಯಮ ಏನಿದೆ ಅಂತ ಮುಖ್ಯ ಶಿಕ್ಷಕರ ಹತ್ತಿರವೇ ಕೇಳಿ ಬನ್ನಿ ಅಂದೆ. ಸೀರೆಗೆ ಯಾವ ಅಡ್ಡಿಯೂ ಇರಲಿಲ್ಲ. ಮೊದಲು ವಾಚು ಕಟ್ಟಲು ಹೇಳಿದೆ. ಕೀ ಕೊಡದಿದ್ದರೆ ನಿಂತುಹೋಗುವ ವಾಚು ಅದು. ಪ್ರಾರ್ಥನೆಗೆ ಮುಂಚೆ ನಿಧಾನಕ್ಕೆ ಕೀ ಕೊಡುತ್ತಾ ಹತ್ತು ಸಲ ಉಸಿರು ಎಣಿಸಿ ಅಂದೆ. ಸೀರೆ ಉಡುವ ದಿನ ನೆರಿಗೆ ಸ್ವಲ್ಪ ಮೇಲಿರಲಿ, ಸೆರಗಿಗೆ ಪಿನ್ ಇರಲಿ. ಬೋರ್ಡಿಗೆ ಕೈ ಎತ್ತಬೇಕಲ್ವಾ? ಹಳೇ ರೇಷ್ಮೆ ಹರಿಯದ ಹಾಗೆ ಪಿನ್ ಕೆಳಗೆ ಒಂದು ತುಂಡು ಬಟ್ಟೆ ಇಡಿ.

ಆ ಹಿರಿಯರ ಹತ್ತಿರ, ಅವರು ಒಬ್ಬರೇ ಇದ್ದಾಗ, "ಅವತ್ತು ನೀವು ಅಂದದ್ದಕ್ಕೆ ನೋವಾಯ್ತು ಮೇಡಂ" ಅಂತಷ್ಟೇ ಹೇಳಿ ಅಂದೆ. ಇದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ನಾನೂ ಒತ್ತಾಯ ಮಾಡಲಿಲ್ಲ.

ನಾಲ್ಕನೇ ಭೇಟಿಗೆ ಅದೇ ಸೀರೆ ಉಟ್ಟು ಬಂದರು. ಸೆರಗು ಮಡಿಚಿ, ಅದು ಸೀರೆಯ ಒಡಲಿಗೆ ಕೂಡುವ ಜಾಗ ತೋರಿಸಿದರು. ಅಲ್ಲಿ ಒಡಲಿನ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿರುತ್ತಾರೆ. "ಮಿಸ್, ಎಷ್ಟು ಕೊಂಡಿ ಇದೆ?" ಅಂತ ಒಬ್ಬ ಹುಡುಗಿ ಕೇಳಿದಳಂತೆ. ಒಂದು ಇಂಚಿನಲ್ಲಿ ಎಷ್ಟಿದೆ ಎಣಿಸಿ, ಅಗಲಕ್ಕೆ ಗುಣಿಸಿ ಅಂತ ಇಡೀ ಕ್ಲಾಸಿಗೆ ಲೆಕ್ಕ ಕೊಟ್ಟಿದ್ದರು.

ಹಿರಿಯರ ಹತ್ತಿರ ಇನ್ನೂ ಮಾತಾಡಿಲ್ಲ. ಮುಂದಿನ ಭೇಟಿಗೆ ಅದೊಂದು ಬಾಕಿ ಇದೆ.