ಹೊಸ ನೌಕರಿ ಕರೆದೈತಿ, ಕಾಶಿ ಟಿಕೆಟ್ ಕೈಯಾಗೈತಿ

ಪ್ರಶ್ನೆ: ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಆರು ವರ್ಷದಿಂದ ಅಕೌಂಟ್ಸ್ ನೋಡುತ್ತಿದ್ದೇನೆ. ಸಂಬಳ 28,000. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ಎರಡು ಸುತ್ತು ಇಂಟರ್‌ವ್ಯೂ ಆಯಿತು. “ಆಯ್ಕೆ ಆಗೀರಿ, 36,000 ಕೊಡ್ತೀವಿ, ಮುಂದಿನ ತಿಂಗಳ 5ಕ್ಕ ಬಂದು ಸೇರ್ರಿ” ಎಂದು ನಿನ್ನೆ ಫೋನ್ ಮಾಡಿದ್ದಾರೆ. ಲೆಟರ್ ಇನ್ನೂ ಬಂದಿಲ್ಲ. ಆದರೆ ಅದೇ ತಿಂಗಳ 23ಕ್ಕೆ ಅವ್ವ, ಚಿಗವ್ವ ಇಬ್ಬರನ್ನೂ ಕಾಶಿಗೆ ಕರೆದುಕೊಂಡು ಹೋಗಲು ಟಿಕೆಟ್ ಮಾಡಿಸಿದ್ದೇನೆ. ವಾಪಸ್ ಬರುವುದು ಮರುತಿಂಗಳ 3ಕ್ಕೆ. ಅಪ್ಪ ಇದ್ದಾಗಿನಿಂದ ಅವ್ವ ಕೇಳುತ್ತಿದ್ದ ಯಾತ್ರೆ ಇದು. ಇಂಟರ್‌ವ್ಯೂನಲ್ಲಿ ಈ ವಿಷಯ ಎತ್ತಲಿಲ್ಲ. ಈಗ ಹೇಳಿದರೆ ಕೆಲಸ ಕೈತಪ್ಪುತ್ತದೆಯೇ? “ಮೊದಲು ಸೇರು, ಆಮ್ಯಾಲೆ ಅವ್ವಗ ಆರಾಮಿಲ್ಲ ಅಂತ ಹೇಳು” ಅನ್ನುತ್ತಾಳೆ ಗೆಳತಿ. — ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಗೆಳತಿಯ ಮಾತು ಮಾತ್ರ ಕೇಳಬೇಡಿ. ಆರಾಮಿಲ್ಲ ಎಂದು ಹೇಳಿ ಹೋದರೆ ಬಂದ ಮೇಲೆ ಕಾಶಿಯ ಪ್ರಸಾದವನ್ನು ಆಫೀಸಿಗೆ ಒಯ್ಯಲೂ ಆಗುವುದಿಲ್ಲ. ಅವಳಿ ನಗರ ಎಷ್ಟೇ ಬೆಳೆದಿರಲಿ, ಇಲ್ಲಿ ಅಕೌಂಟ್ಸ್‌ನವರ ಬಳಗ ಸಣ್ಣದು. ನಿಮ್ಮ ಹಳೆಯ ಕಾರ್ಖಾನೆಗೂ ಹೊಸ ಕಂಪನಿಗೂ ಒಬ್ಬರೇ ಆಡಿಟರ್ ಬರುತ್ತಿರಬಹುದು.

ಹೇಳಲು ಸರಿಯಾದ ಹೊತ್ತು ಇದೇ. ಅವರು ನಿಮ್ಮನ್ನು ಆರಿಸಿಯಾಗಿದೆ, ನೀವು ಇನ್ನೂ ಸಹಿ ಹಾಕಿಲ್ಲ. ಮೊದಲ ಸುತ್ತಿನಲ್ಲೇ ರಜೆಯ ಮಾತು ಎತ್ತಬೇಕಿರಲಿಲ್ಲ, ಎತ್ತದ್ದು ತಪ್ಪೂ ಅಲ್ಲ. ಆದರೆ 5ಕ್ಕೆ ಸೇರಿ ಎಂದು ಅವರು ಹೇಳಿದ ಮೇಲೂ ಸುಮ್ಮನಿದ್ದರೆ ಅದು ಮುಚ್ಚಿಟ್ಟಂತೆ. ಇಪ್ಪತ್ತೆರಡು ವರ್ಷ ಸಿಬ್ಬಂದಿ ವಿಭಾಗದಲ್ಲಿ ಕುಳಿತು ನೋಡಿದ್ದೇನೆ: ಲೆಟರ್‌ಗೆ ಮೊದಲೇ ತಾರೀಖು ಹೇಳಿದ್ದಕ್ಕೆ ನಾನು ಯಾರನ್ನೂ ಬಿಟ್ಟುಕೊಟ್ಟಿಲ್ಲ. ಇಬ್ಬರು ಮೂವರನ್ನು ಆರಿಸಿ ಒಬ್ಬರನ್ನು ಒಪ್ಪಿಸುವಷ್ಟರಲ್ಲಿ ನಮಗೂ ಸಾಕಾಗಿರುತ್ತದೆ, ಹನ್ನೊಂದು ದಿನದ ಸಲುವಾಗಿ ಮತ್ತೆ ಮೊದಲಿನಿಂದ ಹುಡುಕುವವರು ಕಡಿಮೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಮೊದಲ ನೌಕರಿಗೆ ಸೇರುವಾಗ ಮನೆಯವರೊಂದಿಗೆ ಪಂಢರಪುರಕ್ಕೆ ಹೋಗುವುದು ಗೊತ್ತಾಗಿತ್ತು. ಹೇಳಲು ಅಂಜಿದೆ. ಸೇರಿದ ಒಂಬತ್ತನೇ ದಿನ ಹೋಗಿ ನಾಲ್ಕು ದಿನ ರಜೆ ಕೇಳಿದೆ. ಮೇಲಿನವರು ರಜೆ ಕೊಟ್ಟರು. ಆದರೆ ಆರು ತಿಂಗಳ ಪ್ರೊಬೇಷನ್ ಒಂಬತ್ತು ತಿಂಗಳಾಯಿತು. ಕಾರಣ ಕೇಳಿದಾಗ, “ರಜಾದ ಮಾತಲ್ಲಪಾ, ಮೊದಲ ಹೇಳಬೇಕಿತ್ತು” ಅಂದರು. ಅವರ ಮಾತು ಸರಿಯಿತ್ತು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ, ಲೆಕ್ಕ ನಿಮ್ಮದೇ ಕ್ಷೇತ್ರ. 5ಕ್ಕೆ ಸೇರಿ 23ಕ್ಕೆ ಹೊರಟರೆ ಹನ್ನೊಂದು ದಿನ ಸಂಬಳವಿಲ್ಲದ ರಜೆ. ಗಳಿಕೆ ರಜೆ ಎಂಬುದು ಸಾಮಾನ್ಯವಾಗಿ ಇಪ್ಪತ್ತು ದಿನ ದುಡಿದರೆ ಒಂದು ದಿನದಂತೆ ಕೂಡುವಂಥದ್ದು, ಹದಿನೆಂಟು ದಿನದ ನೌಕರರ ಖಾತೆಯಲ್ಲಿ ಏನಿರುತ್ತದೆ? 36,000ಕ್ಕೆ ದಿನಕ್ಕೆ 1,200 ಹಿಡಿದರೆ 13,200 ರೂಪಾಯಿ ಕಡಿತ. ನಡುವೆ ಬರುವ ಭಾನುವಾರವನ್ನೂ ರಜೆಯಲ್ಲೇ ಎಣಿಸುತ್ತಾರೋ ಬಿಡುತ್ತಾರೋ, ಕೇಳಿಕೊಳ್ಳಿ. ಕಂಪನಿಗೊಂದು ಪದ್ಧತಿ ಇದೆ.

ಯಾತ್ರೆ ಮುಗಿಸಿ ಮರುತಿಂಗಳ 5ಕ್ಕೇ ಸೇರಿದರೆ? 22ರವರೆಗೆ ಹಳೆಯ ಕಾರ್ಖಾನೆಯಲ್ಲೇ ಇರುತ್ತೀರಿ. ಆ ಹದಿನೆಂಟು ದಿನಕ್ಕೆ ಹೊಸ ಸಂಬಳದ ಬದಲು ಹಳೆಯದು ಸಿಗುತ್ತದೆ, ಅಂದರೆ ಸುಮಾರು 4,800 ರೂಪಾಯಿ ಕಡಿಮೆ. ಯಾತ್ರೆಯ ದಿನಗಳಿಗೆ ಎರಡೂ ದಾರಿಯಲ್ಲಿ ಸಂಬಳ ಇಲ್ಲ. ಆದರೆ ಆರು ವರ್ಷದಲ್ಲಿ ಉಳಿದ ಗಳಿಕೆ ರಜೆಯ ದುಡ್ಡು ಹಳೆಯವರ ಅಂತಿಮ ಲೆಕ್ಕದಲ್ಲಿ ಕೈಗೆ ಬರುತ್ತದೆ, ಆ ಹನ್ನೊಂದು ದಿನದ ಕೊರತೆ ಅದರಲ್ಲೇ ತುಂಬೀತು. ಹೊಸ ಕಂಪನಿಯಲ್ಲಿ ಕೆಲಸ ಕಲಿಯುವ ಮೊದಲ ತಿಂಗಳು ನಡುವೆ ಮುರಿಯುವುದೂ ಇಲ್ಲ. ನಾನಾಗಿದ್ದರೆ ಮೊದಲು ಇದನ್ನೇ ಕೇಳುತ್ತಿದ್ದೆ. ಅವರ ಅಕೌಂಟ್ಸ್ ಕುರ್ಚಿ ಈಗಾಗಲೇ ಖಾಲಿ ಬಿದ್ದು ಕೆಲಸ ನಿಂತಿದೆ ಎಂದರೆ ಮಾತ್ರ 5ಕ್ಕೆ ಸೇರಿ, ನಡುವೆ ಹೋಗಿಬರುವುದು.

ಹಾಗೆ ಸೇರುವುದೇ ಆದರೆ ನಿಮ್ಮ ಪರವಾಗಿ ಒಂದು ಗಟ್ಟಿ ಮಾತಿದೆ, ಅದನ್ನು ಬಿಡಬೇಡಿ. ಅಕೌಂಟ್ಸ್‌ನವರಿಗೆ ತಿಂಗಳ ಬಿಸಿ ಯಾವಾಗ? 7ಕ್ಕೆ ಟಿಡಿಎಸ್ (ಪಾವತಿಯಲ್ಲೇ ಹಿಡಿದ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತಿಂಗಳ ಜಿಎಸ್‌ಟಿ ಲೆಕ್ಕ ಒಪ್ಪಿಸುವ ಜಿಎಸ್‌ಟಿಆರ್-3ಬಿ. ನೀವು ಹೊರಡುವುದು ಮೂರೂ ಮುಗಿದ ಮೇಲೆ, ಮರಳುವುದು ಮುಂದಿನ 7ರೊಳಗೆ. ತಿಂಗಳ ಕೊನೆಯ ಸಂಬಳದ ಪಟ್ಟಿಯೊಂದು ಉಳಿಯುತ್ತದೆ, ಅದನ್ನು ಯಾರು ನೋಡುತ್ತಾರೆ ಎಂದು ನೀವೇ ಮೊದಲು ಕೇಳಿ. ಇಷ್ಟು ಯೋಚಿಸಿ ಬಂದವರಿಗೆ ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ.

ಫೋನಿನಲ್ಲಿ ಹೀಗೆ ಹೇಳಿ: “ಸರ್, ಕೆಲಸ ಒಪ್ಪಿಗೆ ಐತ್ರಿ. ಲೆಟರ್ ಮಾಡೂಕಿಂತ ಮೊದಲ ಒಂದ್ ಮಾತ್ ಹೇಳಬೇಕಿತ್ರಿ. ಅವ್ವನ್ನ ಕಾಶಿಗೆ ಕರ್ಕೊಂಡ್ ಹೋಗಾಕ 23ರಿಂದ 3ರ ತನಕ ಟಿಕೆಟ್ ಆಗ್ಯಾವ್ರಿ. ಬಂದ ಮ್ಯಾಲೆ 5ಕ್ಕ ಸೇರಿದ್ರ ನಡೀತದೇನ್ರಿ? ನಿಮಗ ಅವಸರ ಇದ್ರ ಈ 5ಕ್ಕ ಸೇರಿ, ಆ ಹನ್ನೊಂದು ದಿನ ಸಂಬಳ ಇಲ್ದ ಹೋಗಿಬರ್ತೀನ್ರಿ.” ಇಷ್ಟೇ. ಕ್ಷಮೆ ಕೇಳುವಂಥದ್ದೇನೂ ಇಲ್ಲ, ಅವ್ವನ ಮೊಣಕಾಲು ನೋವಿನ ಕತೆಯೂ ಬೇಡ. ಅವರು ಹೂಂ ಅಂದ ದಿನವೇ ಅದೇ ತಾರೀಖುಗಳನ್ನು ಬರೆದು ಮೇಲ್ ಹಾಕಿ, ಲೆಟರ್‌ನಲ್ಲೂ ಸೇರಿಸಲು ಕೇಳಿ. ಒಪ್ಪಿದ ಮನುಷ್ಯ ನೀವು ಸೇರುವಷ್ಟರಲ್ಲಿ ಬೇರೆ ಕಡೆ ಹೋಗಿರಬಹುದು, ಕಾಗದ ಅಲ್ಲೇ ಇರುತ್ತದೆ. ಲೆಟರ್ ಕೈಗೆ ಬರುವ ತನಕ ಹಳೆಯ ಕಡೆ ರಾಜೀನಾಮೆ ಮಾತ್ರ ಕೊಡಬೇಡಿ.

ಅವರು ಯಾತ್ರೆಯನ್ನೇ ಎರಡು ದಿನ ಮುಂದೆ ಹಾಕಿ ಅನ್ನಬಹುದು. ನೀವು ಹಿಡಿದದ್ದು ಹುಬ್ಬಳ್ಳಿಯಿಂದಲೇ ಹೊರಡುವ ಬನಾರಸ್ ರೈಲಾದರೆ ಅದು ವಾರಕ್ಕೊಮ್ಮೆಯದು, ಎರಡು ದಿನ ಎಂದರೆ ಒಂದು ವಾರ. ರಿಸರ್ವೇಷನ್ 60 ದಿನ ಮುಂಚೆಯಷ್ಟೇ ತೆರೆಯುತ್ತದೆ. 2024ರ ನವೆಂಬರ್ 1ಕ್ಕೆ ಮೊದಲು 120 ದಿನ ಇತ್ತು. ಈಗ ಹೊಸದಾಗಿ ಹುಡುಕಿದರೆ ಒಂದೇ ಬೋಗಿಯಲ್ಲಿ ಮೂರು ಸೀಟು, ಅದರಲ್ಲೂ ಇಬ್ಬರು ವಯಸ್ಸಾದವರಿಗೆ ಕೆಳಗಿನ ಬರ್ತ್, ಸಿಗುವ ಭರವಸೆ ಇಲ್ಲ. ಇದನ್ನೂ ನೇರವಾಗಿ ಹೇಳಿ.

ಏನೂ ಹೊಂದಲಿಲ್ಲ ಎಂದರೂ ಅವ್ವನ ಯಾತ್ರೆ ನಿಲ್ಲಬೇಕಿಲ್ಲ. ಖಾತ್ರಿಯಾದ ಟಿಕೆಟನ್ನು ರೈಲು ಹೊರಡುವ 24 ಗಂಟೆ ಮುಂಚೆ ರಿಸರ್ವೇಷನ್ ಕೌಂಟರಿನಲ್ಲಿ ಅರ್ಜಿ ಕೊಟ್ಟು ಅಣ್ಣ, ತಮ್ಮ, ಅಕ್ಕ, ತಂಗಿ ಹೀಗೆ ಹತ್ತಿರದವರ ಹೆಸರಿಗೆ ಒಂದು ಸಲ ಬದಲಿಸಬಹುದು. ಟಿಕೆಟಿನ ಪ್ರಿಂಟ್, ಇಬ್ಬರ ಗುರುತಿನ ಚೀಟಿ, ಸಂಬಂಧ ತೋರಿಸುವ ದಾಖಲೆ ಒಯ್ಯಿರಿ. ಅಣ್ಣತಮ್ಮಂದಿರಿದ್ದರೆ ಈಗಲೇ ಒಂದು ಮಾತು ಕೇಳಿಡಿ. ಆದರೂ ನಿಮ್ಮನ್ನೇ ಕಳಿಸಬೇಕೆಂದು ನನ್ನ ಆಸೆ.

ಕೊನೆಯದು, ಯಾರೂ ನೆನಪಿಸದ ವಿಷಯ: ಅವ್ವನ ಹೆಸರು ಹಳೆಯ ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿದ್ದರೆ ಸಾಮಾನ್ಯವಾಗಿ ನಿಮ್ಮ ಕೊನೆಯ ದಿನಕ್ಕೇ ಅದು ಮುಗಿಯುತ್ತದೆ. ಹೊಸದು ಸೇರಿದ ಮೇಲೆ ಶುರು. ಯಾತ್ರೆ ಮುಗಿಸಿ ಸೇರುವುದಾದರೆ ಸರಿಯಾಗಿ ಆ ನಡುವಿನಲ್ಲೇ ನೀವು ಕಾಶಿಯಲ್ಲಿರುತ್ತೀರಿ. ಅಷ್ಟು ದಿನಕ್ಕೆ ಒಂದು ಪ್ರವಾಸ ವಿಮೆಯನ್ನಾದರೂ ಮಾಡಿಸಿಯೇ ರೈಲು ಹತ್ತಿ.

ಪ್ರಶ್ನೆ: ಗೆಳೆಯರೊಂದಿಗೆ ಗೋವಾಕ್ಕೆ ಹೋಗುವ ದಿನವೇ ಹುಬ್ಬಳ್ಳಿಯಲ್ಲಿ ಇಂಟರ್‌ವ್ಯೂ ಇಟ್ಟಿದ್ದಾರೆ. ದಿನ ಬದಲಿಸಲು ಕೇಳಬಹುದೇ? — ಓದುಗ, ಗದಗ

ಉತ್ತರ: ಒಂದು ಸಲ ಕೇಳಬಹುದು, ಕರೆ ಬಂದ ದಿನವೇ, ನೀವು ಬರಬಲ್ಲ ಎರಡು ದಿನಗಳನ್ನೂ ಹೇಳಿ. ವಿಡಿಯೊದಲ್ಲಿ ಆಗುತ್ತದೆಯೇ ಎಂದೂ ಕೇಳಿ. ಆದರೆ ಸಮುದ್ರದ ದಂಡೆಯಲ್ಲಿ ನಿಂತು ಮಾತಾಡಬೇಡಿ. ರೂಮಿನ ಬಾಗಿಲು ಹಾಕಿ, ನೆಟ್‌ವರ್ಕ್ ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಿ. ಅದೇ ದಿನ ಎದುರಿಗೇ ಬರಬೇಕು ಎಂದರೆ ಗೆಳೆಯರನ್ನು ಮುಂದೆ ಕಳಿಸಿ ಇಂಟರ್‌ವ್ಯೂಗೆ ಹೋಗಿ. ಮುಗಿಸಿಕೊಂಡು ಹುಬ್ಬಳ್ಳಿಯಿಂದಲೇ ರಾತ್ರಿ ಬಸ್ಸು ಹಿಡಿದರೆ ಬೆಳಗಾಗುವಷ್ಟರಲ್ಲಿ ಅವರನ್ನು ಕೂಡಿಕೊಳ್ಳುತ್ತೀರಿ.