ರಿಸ್ಟೋರ್ ಮಾಡಿದ 1966ರ ಎಂಜಿಬಿಗೆ 30 ಲಕ್ಷ ಕೊಡಬಹುದಾ?

ನೀವು ಕೇಳಿದ್ದು ಇಷ್ಟು: ಮಂಗಳೂರಿನಲ್ಲಿ ಒಬ್ಬರ ಹತ್ತಿರ 1966ರ ಎಂಜಿಬಿ ಉಂಟು, ಎಂಜಿ ಎಂಬ ಬ್ರಿಟಿಷ್ ಕಂಪನಿಯ ಎರಡು ಸೀಟಿನ ಓಪನ್ ಕಾರು. ರಿಸ್ಟೋರ್ ಮಾಡಲಿಕ್ಕೇ 18 ಲಕ್ಷ ಹೋಗಿದೆ ಎಂದು ಬಿಲ್ ತೋರಿಸಿ 30 ಲಕ್ಷ ಹೇಳುತ್ತಿದ್ದಾರೆ. ಕೊಡಬಹುದಾ?

ಬಿಲ್ಲಿನ ಮೊತ್ತ ನೋಡಿ ಹೆದರಬೇಡಿ ಮಾರಾಯ್ರೆ. ಅವರು ಎಷ್ಟು ಸುರಿದರು ಎನ್ನುವುದು ಅವರ ಖುಷಿ. ಅದರಲ್ಲಿ ತಗಡಿನ ಕೆಲಸಕ್ಕೆ ಎಷ್ಟು ಹೋಯಿತು, ಪೇಂಟು ಮತ್ತು ಕ್ರೋಮಿಗೆ ಎಷ್ಟು ಹೋಯಿತು ಎಂದು ಹುಡುಕಿ. ಗಾಡಿ ಪೂರ್ತಿ ಬಿಚ್ಚಿದಾಗ ತೆಗೆದ ಫೋಟೋ ಕೇಳಿ. ಫೋಟೋ ಇಲ್ಲ ಎಂದರೆ ನಾನಂತೂ ಆ ಬಿಲ್ಲಿಗೆ ಬೆಲೆ ಕೊಡುವುದಿಲ್ಲ.

ಇದು ಪೆಟ್ಟು ತಿಂದು ಕಲಿತದ್ದು. 2009ರಲ್ಲಿ ಉಡುಪಿಯಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಒಂದು ಹಳೆ ಕಾರು ತೆಗೆದುಕೊಂಡೆ. ದೀಪಾವಳಿ ಕಳೆದ ವಾರ, ಬಿಸಿಲು ಚೆನ್ನಾಗಿತ್ತು, ಕೆಂಪು ಬಣ್ಣ ಫಳಫಳ ಹೊಳೆಯುತ್ತಿತ್ತು. ಕನ್ವರ್ಟಿಬಲ್, ಅಂದರೆ ಮಡಚುವ ಬಟ್ಟೆಯ ಚಾವಣಿಯದು ಎಂದರು, ನಂಬಿದೆ. ಹೆರಾಲ್ಡ್‌ನ ಮಾಡು (ಚಾವಣಿ) ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ ಎಂದು ಆಮೇಲೆ ಗೊತ್ತಾಯಿತು. ಮದ್ರಾಸಿನ ಫ್ಯಾಕ್ಟರಿಯಿಂದ ಸಾದಾ ಸಲೂನ್ (ತಗಡಿನ ಮಾಡಿನ ಕಾರು) ಆಗಿ ಬಂದದ್ದಕ್ಕೆ ಯಾರೋ ಮಾಡು ಕಳಚಿ ರೆಕ್ಸಿನ್ ಹೊದೆಸಿದ್ದರು. ಆರ್‌ಸಿಯಲ್ಲಿ ಸಲೂನ್ ಎಂದೇ ಬರೆದಿತ್ತು, ಓದದೇ ಇದ್ದದ್ದು ನಾನು. ಜುಲೈಯಲ್ಲಿ ಹಿಂದಿನ ಚಕ್ರದ ಮೇಲೆ ಪೇಂಟ್ ಗುಳ್ಳೆ ಎದ್ದಿತು. ಉಗುರಿನಲ್ಲಿ ಕೆರೆದೆ. ತೂತು ಮುಚ್ಚಲು ಮೆತ್ತುವ ಪುಟ್ಟಿ ಬಂತು. ಅದರ ಹಿಂದೆ ಮತ್ತೆ ಪುಟ್ಟಿ. ಅದರ ಹಿಂದೆ ಏನೂ ಇಲ್ಲ, ತೂತು.

ಹಾಗಾಗಿ ನಮ್ಮ ಕರಾವಳಿಯಲ್ಲಿ ಹಳೆ ಗಾಡಿ ನೋಡುವುದಾದರೆ ಮಳೆಗಾಲದಲ್ಲೇ ನೋಡಿ. ಉಪ್ಪು ಗಾಳಿ, ನಾಲ್ಕು ತಿಂಗಳ ತೇವ, ಇವೆರಡನ್ನೂ ಒಮ್ಮೆ ದಾಟಿ ಬಂದ ಪೇಂಟಿಗೂ ಮೊನ್ನೆ ಮಾರ್ಚಿನಲ್ಲಿ ಹೊಡೆಸಿದ ಪೇಂಟಿಗೂ ಒಂದೇ ಬೆಲೆ ಆಗುತ್ತದಾ? ಕೆಲಸ ಯಾವ ತಿಂಗಳು ಮುಗಿಯಿತು, ಆಮೇಲೆ ಗಾಡಿ ಎಲ್ಲಿ ನಿಂತಿತ್ತು, ಕೇಳಿ. ಪಣಂಬೂರಿನ ಕಡಲ ಬದಿಯ ಶೆಡ್ಡಿನಲ್ಲಿ ಎಂದರೆ ಇನ್ನೂ ಎರಡು ಸಲ ಬಗ್ಗಿ ನೋಡಿ.

ಎಂಜಿಬಿಗೆ ಹೆರಾಲ್ಡ್ ತರಹ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ಮೇಲೆ ಮಾಡೂ ಇಲ್ಲ. ಬಾಗಿಲಿನ ಕೆಳಗೆ ಉದ್ದಕ್ಕೆ ಸಿಲ್ ಹೋಗುತ್ತದಲ್ಲ, ಇಡೀ ಗಾಡಿಯ ಬಲ ಅದರಲ್ಲೇ. ಅದು ಹಲವು ಪದರದ್ದು. ಒಳಗಿನ ಪದರ ಬದಲಿಸುವುದು ದೊಡ್ಡ ಕೆಲಸ. ಆದ್ದರಿಂದ ಕೆಲವರು ತುಕ್ಕಿನ ಮೇಲೆಯೇ ಹೊರಗಿನ ತಗಡು ಕೂರಿಸಿ ಪೇಂಟ್ ಹೊಡೆದು ಬಿಡುತ್ತಾರೆ. ಬಾಗಿಲು ಹಾಕಿ, ಅದರ ಹಿಂದಿನ ಸಂದು ಮೇಲಿನಿಂದ ಕೆಳಗೆ ಒಂದೇ ಅಗಲ ಉಂಟಾ ನೋಡಿ. ಮೇಲೆ ಕಿರಿದು, ಕೆಳಗೆ ಅಗಲ ಇದ್ದರೆ ಗಾಡಿಯ ನಡು ಕುಸಿದಿದೆ. ನಂತರ ಒಂದು ಬದಿಗೆ ಜಾಕ್ ಕೊಟ್ಟು ಎತ್ತಿಸಿ, ಅದೇ ಬಾಗಿಲು ತೆಗೆದು ಹಾಕಿ. ಎಲ್ಲಾದರೂ ತಾಗಿತೋ, ಚಾ ಕುಡಿದು ಮನೆಗೆ ಬನ್ನಿ. ಮ್ಯಾಟ್ ಎತ್ತಿ ಫ್ಲೋರ್ ನೋಡಲು ಮರೆಯಬೇಡಿ. ಸೀಟಿನ ಹಿಂದೆ ಬ್ಯಾಟರಿ ಇಡುವ ಗುಂಡಿಗಳನ್ನೂ ನೋಡಿ. ಈ ಮಾಡೆಲಿಗೆ 6 ವೋಲ್ಟಿನ ಎರಡು ಬ್ಯಾಟರಿ, ಆ್ಯಸಿಡ್ ಬಿದ್ದು ಅಲ್ಲಿಯ ತಗಡು ತಿಂದಿರುತ್ತದೆ.

ಇನ್ನು ನಂಬರ್. 1966ರ ಓಪನ್ ಗಾಡಿಯ ಚಾಸಿ ನಂಬರ್ ಜಿಎಚ್‌ಎನ್3 ಎಂದು ಶುರುವಾಗಬೇಕು. ಮೂರರ ಪಕ್ಕದಲ್ಲೇ ಎಲ್ ಇದ್ದರೆ ಅದು ಎಡಗಡೆ ಸ್ಟೀರಿಂಗಿನ ಗಾಡಿಯಾಗಿ ಹೊರಟದ್ದು. ಈಗ ಸ್ಟೀರಿಂಗ್ ಬಲಕ್ಕಿದ್ದರೆ ನಡುವೆ ಯಾರೋ ಬದಲಿಸಿದ್ದಾರೆ. ಎಂಜಿನ್ 1798 ಸಿಸಿ. ನಮ್ಮ ಹಳೆ ಅಂಬಾಸಡರಿನ 1489 ಸಿಸಿ ಎಂಜಿನ್ ಕೂಡ ಅದೇ ಬಿ ಸೀರೀಸ್ ಎಂಬ ಎಂಜಿನ್ ಕುಟುಂಬದ್ದು, ಅದನ್ನೇ ಇಲ್ಲಿ ಕೂರಿಸಿರಲೂಬಹುದು, ಆದ್ದರಿಂದ ಬಾನೆಟ್ ಎತ್ತಿ ಸುಮ್ನೆ ನೋಡಿದರೆ ಸಾಲದು. ಎಂಜಿನ್ ನಂಬರ್ ಓದಿ, ಆರ್‌ಸಿಗೆ ಹೋಲಿಸಿ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಫೀಸು ತೆಗೆದುಕೊಂಡು ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ಗಾಡಿ ಯಾವಾಗ ತಯಾರಾಯಿತು, ಮೊದಲ ಬಣ್ಣ ಯಾವುದು, ಯಾವ ದೇಶಕ್ಕೆ ಹೋಯಿತು ಎಲ್ಲ ಅದರಲ್ಲಿ ಸಿಗುತ್ತದೆ. 30 ಲಕ್ಷ ಕೇಳುವವರು ಅದನ್ನು ತರಿಸಿ ಕೊಡಲಿ, ಅಲ್ವಾ?

ಕಾಗದಪತ್ರದಲ್ಲಿ ಒಂದು ವಿಷಯ. 2021ರ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ ಉಂಟು. ಹೊಸದಾಗಿ ಮಾಡಿಸಿದರೆ 20,000 ರೂಪಾಯಿ, 10 ವರ್ಷಕ್ಕೆ. ಆದರೆ ಹಾಗೆ ಮಾಡಿಸಿದ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ, ಇಂಥದ್ದಕ್ಕೆ ಮಾತ್ರ. ಪ್ರತಿ ಭಾನುವಾರ ಮಲ್ಪೆಗೆ ಹೋಗುವ ಆಸೆ ಇದ್ದರೆ ಈಗಿನ ಆರ್‌ಸಿ ಯಾವ ಬಗೆಯದು, ಚಾಲ್ತಿಯಲ್ಲಿ ಉಂಟಾ ಎಂದು ಮೊದಲೇ ನೋಡಿಕೊಳ್ಳಿ.

ಎಂಜಿನ್, ಬ್ರೇಕ್, ಕಾರ್ಬುರೇಟರಿನ ಸಣ್ಣಪುಟ್ಟ ತೊಂದರೆಗೆ ತಲೆ ಕೆಡಿಸಿಕೊಳ್ಳಬೇಡಿ. ಎಂಜಿಬಿಯ ಸಾಮಾನು ಇಂಗ್ಲೆಂಡಿನಲ್ಲಿ ಇವತ್ತಿಗೂ ಹೊಸದಾಗಿ ಸಿಗುತ್ತದೆ. ಪೆಟ್ರೋಲ್ ಹೋಸುಗಳನ್ನು ಮಾತ್ರ ಬದಲಿಸಿ, ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಹಳೆ ರಬ್ಬರ್ ತಡೆಯುವುದಿಲ್ಲ.

ಇನ್ನು ನಿಮ್ಮ 30 ಲಕ್ಷ. ಸಿಲ್ ಗಟ್ಟಿ, ನಂಬರ್ ಸರಿ, ಒಂದು ಮಳೆಗಾಲ ದಾಟಿದೆ ಎಂದಾದರೆ ನಾನಾದರೆ ಅದರ ಆಸುಪಾಸಿನಲ್ಲೇ ಚೌಕಾಸಿ ಮಾಡುತ್ತೇನೆ. ಎಂಜಿನ್ ಬೇರೆಯದ್ದಾದರೆ ಓಡಿಸಲು ಖುಷಿಯೇ, ಆದರೆ ಬೆಲೆ ಚೆನ್ನಾಗಿ ಇಳಿಯಬೇಕು. ಸಿಲ್ ಹೋಗಿದ್ದರೆ ರಿಸ್ಟೋರ್ ಆಗದೆ ಬಿದ್ದಿರುವ ಗಾಡಿಗಿಂತಲೂ ಕಡಿಮೆ ಕೊಡಿ. ಆ ಹೊಸ ಪೇಂಟನ್ನು ಕೀಳಿಸುವ ಕೂಲಿಯೂ ನಿಮ್ಮ ತಲೆಗೇ ಬರುತ್ತದೆ.

ನೋಡಲು ಹೋಗುವಾಗ ಮೆಕ್ಯಾನಿಕ್‌ಗಿಂತ ಟಿಂಕರಿಂಗ್ (ತಗಡಿನ ಕೆಲಸ) ಮಾಡುವವರೊಬ್ಬರನ್ನು ಕರೆದುಕೊಂಡು ಹೋಗಿ, ಅರ್ಧ ದಿನದ ಕೂಲಿ ಕೊಟ್ಟು. ಅವರು ಬೆರಳಲ್ಲಿ ಬಡಿದ ಸದ್ದಿನಲ್ಲೇ ಪುಟ್ಟಿ ಎಲ್ಲಿ, ತಗಡು ಎಲ್ಲಿ ಎಂದು ಹೇಳುತ್ತಾರೆ.