ಮಗಳ ರೂಮಿನಲ್ಲಿ ಕುಚ್ಚು ಕಟ್ಟುತ್ತಾ ಕೂತರೆ ತಪ್ಪೇ?

ಪ್ರಶ್ನೆ: ನನಗೆ 58 ವರ್ಷ. ಮನೆ ಮೈಸೂರಿನ ಕುವೆಂಪುನಗರದಲ್ಲಿ. ಮಗಳು ಮದುವೆಯಾಗಿ ಬೆಂಗಳೂರಿಗೆ ಹೋದ ಮೇಲೆ ಅವಳ ರೂಮನ್ನು ನನ್ನ ಕೈಕೆಲಸಕ್ಕೆ ಇಟ್ಟುಕೊಂಡೆ. ಸೀರೆಗೆ ಕುಚ್ಚು ಕಟ್ಟುತ್ತೇನೆ, ಕ್ರೋಶಾ ಹಾಕುತ್ತೇನೆ, ದಸರಾ ಗೊಂಬೆಗಳಿಗೆ ಬಟ್ಟೆ ಹೊಲಿಯುತ್ತೇನೆ. ಊಟ ಮುಗಿಸಿ ಅಲ್ಲಿ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಹೋದ ವರ್ಷ ನಮ್ಮ ಯಜಮಾನರು ರಿಟೈರ್ ಆದರು. "ದಾರ, ಬಟ್ಟೆಗೆಲ್ಲ ಒಂದು ರೂಮಾ? ಖಾಲಿ ಮಾಡು, ಓದೋ ಹುಡುಗಿಯರನ್ನ ಪೇಯಿಂಗ್ ಗೆಸ್ಟ್ ಇಟ್ಕೊಳ್ಳೋಣ" ಅನ್ನುತ್ತಾರೆ. ಪಿಂಚಣಿ ಬರುತ್ತದೆ, ದುಡ್ಡಿಗೇನೂ ತೊಂದರೆ ಇಲ್ಲ. ಮಗಳು "ಇನ್‌ಸ್ಟಾಗ್ರಾಂನಲ್ಲಿ ಹಾಕಿ ಮಾರಮ್ಮ" ಅನ್ನುತ್ತಾಳೆ. ಒಮ್ಮೆ ಪರಿಚಯದವರ ಮದುವೆಗೆ 14 ಸೀರೆ ಒಪ್ಪಿಕೊಂಡಿದ್ದೆ. ಮುಗಿಸುವಷ್ಟರಲ್ಲಿ ಆ ರೂಮಿನ ಕಡೆ ತಲೆ ಹಾಕುವುದೇ ಬೇಡ ಅನ್ನಿಸಿತ್ತು. ಈಗ ಯಾರಾದರೂ ಬಂದರೆ ಅದರ ಬಾಗಿಲು ಹಾಕಿಬಿಡುತ್ತೇನೆ. ಸಂಜೆ ಇವರು ಬಾಗಿಲಲ್ಲಿ ನಿಂತು "ಕಾಫಿ ಆಯ್ತಾ?" ಅಂತ ಕೇಳಿ ಹೋಗುತ್ತಾರೆ, ಒಳಗೆ ಬರುವುದಿಲ್ಲ. ನನ್ನ ಖುಷಿಗೆ ಒಂದು ರೂಮು ಇಟ್ಟುಕೊಂಡಿರುವುದು ಸ್ವಾರ್ಥ ಅಲ್ವಾ?

ಉತ್ತರ: ಖಂಡಿತ ಅಲ್ಲ. ಇಷ್ಟು ವರ್ಷ ಮನೆಯವರ ಊಟ, ತಿಂಡಿ, ಓದು, ಕಾಯಿಲೆ ಎಲ್ಲ ನೋಡಿಕೊಂಡು ಬಂದಿದ್ದೀರಿ. ಮಧ್ಯಾಹ್ನದ ಒಂದೆರಡು ಗಂಟೆ ಹೊತ್ತು ನಿಮ್ಮದು ಅಂದುಕೊಳ್ಳುವುದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.

ನೀವಿರುವುದು ಮೈಸೂರಿನಲ್ಲಿ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಗಿ, 1912ರಲ್ಲಿ ಈಗಿನ ಅರಮನೆ ಮುಗಿಯಿತು. ಅದರಲ್ಲಿ ಗೊಂಬೆಗಳಿಗಾಗಿಯೇ ಒಂದು ಗೊಂಬೆ ತೊಟ್ಟಿ ಇದೆ. ನವರಾತ್ರಿ ಬಂತೆಂದರೆ ನಮ್ಮ ಎಷ್ಟೋ ಮನೆಗಳ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಾರೆ. ಅದನ್ನು ಯಾರೂ ದಂಡ ಅನ್ನುವುದಿಲ್ಲ. ಆದರೆ ಪಟ್ಟದ ಗೊಂಬೆಗೆ ಹೊಸ ಸೀರೆ ಉಡಿಸಬೇಕಾದರೆ ಯಾರೋ ತಿಂಗಳ ಮೊದಲೇ ಕೂತು ಹಳೇ ರೇಷ್ಮೆ ಸೀರೆಯ ಜರಿ ಅಂಚು ಬಿಚ್ಚಿ, ಗೇಣುದ್ದದ ಗೊಂಬೆಯ ಅಳತೆಗೆ ನೆರಿಗೆ ಹಿಡಿದು ಹೊಲಿದಿರಬೇಕಲ್ಲವೇ? ಹತ್ತು ದಿನ ಎಲ್ಲರೂ ಬಂದು ನೋಡಿ ಸಂತೋಷಪಡುವ ಆ ಕೆಲಸ ನಿಮ್ಮ ರೂಮಿನಲ್ಲೇ ಆಗುತ್ತಿರುವುದು. ಬಂದವರ ಎದುರು ಬಾಗಿಲು ಹಾಕಬೇಡಿ. ದಾರ ಹರಡಿದ್ದರೆ ಹರಡಿರಲಿ.

ಮಗಳ ಮಾತಿನಲ್ಲಿ ಪ್ರೀತಿಯೇ ಇದೆ. ಅಮ್ಮನ ಕೆಲಸ ನಾಲ್ಕು ಜನ ನೋಡಲಿ ಅನ್ನುವ ಆಸೆ. ಆದರೆ ಕುಚ್ಚು ಕಟ್ಟುವುದೆಂದರೆ ಏನು ಅಂತ ಕಟ್ಟಿದವರಿಗೇ ಗೊತ್ತು. ರೇಷ್ಮೆ ಎಳೆಗಳನ್ನು ಸೆರಗಿನ ಅಂಚಿಗೆ ಪೋಣಿಸಿ, ಮಡಿಸಿ, ಜರಿ ದಾರವನ್ನು ಬಿಗಿಯಾಗಿ ಸುತ್ತಿ, ಗಂಟು ಹಾಕಿ, ತುದಿ ಒಂದೇ ಸಮಕ್ಕೆ ಕತ್ತರಿಸಬೇಕು. ಒಂದು ಸೆರಗಿಗೇ ಇಂಥವು ಹತ್ತಾರು. ನಿಮಗೆ ಹಿಡಿಸಿದ ಬಣ್ಣ ಆರಿಸಿಕೊಂಡು ನಿಧಾನಕ್ಕೆ ಒಂದು ಸೀರೆ ಮಾಡಿದರೆ ಕಣ್ಣಿಗೂ ಹಿತ, ಮನಸ್ಸಿಗೂ ಹಿತ. ಮುಹೂರ್ತದ ದಿನ ಹತ್ತಿರ ಬಂತು ಅಂತ 14 ಸೀರೆ ಮಾಡಿದರೆ ಕತ್ತು ನೋವು ಮಾತ್ರ ಉಳಿಯುತ್ತದೆ. "ಮಾರಿದರೆ ನನಗೆ ಇದರ ಖುಷಿ ಹೋಗುತ್ತದೆ ಕಣೇ, ಒಮ್ಮೆ ನೋಡಿಯಾಗಿದೆ" ಅಂತ ಅವಳಿಗೆ ನೇರವಾಗಿ ಹೇಳಿ. ಅವಳಿಗೆ ಅರ್ಥವಾಗುತ್ತದೆ. ಹಾಗೆಯೇ "ಸುಮ್ನೆ ಮನೇಲಿರ್ತೀರಲ್ಲ, ಇದಕ್ಕೊಂದು ಕುಚ್ಚು ಹಾಕಿಕೊಡಿ" ಅಂತ ಸೀರೆ ತರುವವರಿಗೂ ಇಲ್ಲ ಅನ್ನುವುದನ್ನು ರೂಢಿ ಮಾಡಿಕೊಳ್ಳಿ. ಯಾರಿಗೆ ಮಾಡಿಕೊಡಬೇಕು ಅಂತ ನಿಮಗೇ ಅನ್ನಿಸುತ್ತದೋ ಅವರಿಗೆ ಮಾತ್ರ ಮಾಡಿ.

ಇನ್ನು ಯಜಮಾನರ ವಿಷಯ. ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ತಾಗಿದ್ದು ಬಾಗಿಲಲ್ಲಿ ನಿಂತು ಕಾಫಿ ಕೇಳಿ ಹೋಗುತ್ತಾರೆ ಅನ್ನುವ ಮಾತು. ದಿನವಿಡೀ ಹತ್ತು ಜನರ ನಡುವೆ ಇದ್ದವರು ಈಗ ಹಾಲಿನಲ್ಲಿ ಒಬ್ಬರೇ ಪೇಪರ್ ಹಿಡಿದು ಕೂತಿರುತ್ತಾರೆ. ಮಗಳು ಊರಲ್ಲಿಲ್ಲ. ನೀವು ಒಳಗೆ ಹೋದರೆ ಸಂಜೆವರೆಗೂ ಹೊರಗೆ ಬರುವುದಿಲ್ಲ. ದುಡ್ಡಿನ ತೊಂದರೆ ಇಲ್ಲ ಅಂತ ನೀವೇ ಬರೆದಿದ್ದೀರಿ. ಹಾಗಿದ್ದರೆ ಅವರಿಗೆ ಬಾಡಿಗೆಗಿಂತ ಮನೆಯಲ್ಲಿ ಮಾತಿನ ಸದ್ದು ಬೇಕಾಗಿರಬಹುದು ಅಂತ ನನಗೆ ಅನ್ನಿಸುತ್ತದೆ.

ಆ ರೂಮಿನ ಕಿಟಕಿ ಪಕ್ಕ ಒಂದು ಕುರ್ಚಿ ಹಾಕಿ. ಒಳ್ಳೆಯದೇ ಇರಲಿ, ಕೈ ಇರುವಂಥದ್ದು. "ಇಲ್ಲೇ ಬಂದು ಕೂತ್ಕೊಳ್ಳಿ, ಪೇಪರ್‌ನಲ್ಲಿ ಏನಿದೆ ಓದಿ ಹೇಳಿ" ಅಂತ ಕರೆಯಿರಿ. ಅವರ ಕೈಗೆ ಸೂಜಿ ಕೊಡಲು ಹೋಗಬೇಡಿ, ಕಲಿಸಲೂ ಬೇಡಿ. ಅವರು ಅಲ್ಲಿದ್ದರೆ ಸಾಕು. ವಾರದಲ್ಲಿ ಎರಡು ಸಂಜೆ ರೂಮಿನ ಕೆಲಸ ಬಿಟ್ಟು ಇಬ್ಬರೂ ಕುಕ್ಕರಹಳ್ಳಿ ಕೆರೆ ಸುತ್ತಿ ಬನ್ನಿ.

ಅಷ್ಟಾದ ಮೇಲೂ ಪೇಯಿಂಗ್ ಗೆಸ್ಟ್ ಮಾತು ಎತ್ತಿದರೆ, ಪೆನ್ನು ಪೇಪರ್ ಹಿಡಿದು ಕೂತು ಲೆಕ್ಕ ಹಾಕಿ. ಬರುವ ದುಡ್ಡಿನ ಜೊತೆಗೆ, ಬೆಳಗ್ಗೆ ಎದ್ದು ಇನ್ನಿಬ್ಬರಿಗೆ ತಿಂಡಿ ಮಾಡುವವರು ಯಾರು, ಬಚ್ಚಲು ಯಾರು ತೊಳೆಯಬೇಕು, ರಾತ್ರಿ ಗೇಟಿಗೆ ಬೀಗ ಯಾವಾಗ ಅನ್ನುವುದನ್ನೂ ಬರೆಯಿರಿ. ಇದೆಲ್ಲ ನಿಮ್ಮ ತಲೆ ಮೇಲೆಯೇ ಬರುವುದು. ಅದು ಅವರಿಗೆ ಇನ್ನೂ ಹೊಳೆದಿಲ್ಲದಿರಬಹುದು.

ಒಂದು ವಿಷಯದಲ್ಲಿ ನೀವೂ ಸ್ವಲ್ಪ ಜಾಗ ಬಿಡಬೇಕು. ಮಗಳು ಬಂದಾಗ ಎಲ್ಲಿ ಮಲಗುತ್ತಾಳೆ ಅಂತ ನೀವು ಬರೆದಿಲ್ಲ. ಬಟ್ಟೆ ಕಟ್ಟುಗಳನ್ನು ಒಳಗೆ ತುಂಬಿಡುವಂಥ ದಿವಾನ ಒಂದನ್ನು ಗೋಡೆಗೆ ಹಾಕಿಸಿ. ಸೂಜಿ, ಕತ್ತರಿ ಬೀರುವಿನ ಮೇಲಿನ ಅರೆಯಲ್ಲಿರಲಿ. ತವರಿಗೆ ಬಂದ ಹುಡುಗಿಗೆ ಅವಳ ರೂಮಿನಲ್ಲೇ ಹಾಸಿಗೆ ಸಿಕ್ಕಬೇಕು.

ಯಜಮಾನರ ಜೊತೆ ಈ ವಾರವೇ ಮಾತಾಡಿ. ಮಾತು ಮುಗಿಯುವವರೆಗೂ ಖಾಲಿ ಮಾಡುವ ವಿಚಾರಕ್ಕೆ ಹೂಂ ಅನ್ನಬೇಡಿ.